ನಾನು ಓದದೆ ಬಿಟ್ಟ ಪುಟಗಳು

ಜತ್ತದ ನಮ್ಮ ಹೊಲದ ಮನೆಯಲ್ಲಿ ಮುಧೋಳದಿಂದ ತಂದ ಬೇಟೆನಾಯಿಯೊಂದಿತ್ತು. ಕಾಲೇಜಿನ ದಿನಗಳಲ್ಲಿ ನಾನು, ಶ್ವಾನಗಳ ಬುದ್ಧಿಯನ್ನು ಕುರಿತು ಸ್ಟ್ಯಾನ್ಲಿ ಕೊರೆನ್ 1994ರಲ್ಲಿ ಪ್ರಕಟಿಸಿದ ಗ್ರಂಥವನ್ನು ತಂದೆ. ಹೊಸ ಆಜ್ಞೆಯನ್ನು ಐದು ಸಲ ಹೇಳುವುದರೊಳಗೆ ಕಲಿತು, ನೂರಕ್ಕೆ 95 ಬಾರಿ ಮೊದಲ ಮಾತಿಗೇ ಪಾಲಿಸುವ ತಳಿಗಳು ಅದರಲ್ಲಿ ಅಗ್ರಪಂಕ್ತಿಯವು: ಬಾರ್ಡರ್ ಕೋಲಿ, ಪೂಡಲ್, ಜರ್ಮನ್ ಶೆಪರ್ಡ್. ನಮ್ಮ ನಾಯಿಯಾದರೋ ಐವತ್ತು ಸಲ ‘ಸಿಟ್’ ಎಂದರೂ ದೂರದ ದಿಬ್ಬವನ್ನೇ ನೋಡುತ್ತ ನಿಲ್ಲುತ್ತಿತ್ತು. ದಡ್ಡ ಪ್ರಾಣಿ, ಯಾರಿಗಾದರೂ ಕೊಟ್ಟುಬಿಡೋಣವೆಂದೆ.

ಅಪ್ಪ ನಕ್ಕರು. “ಅದು ನಿನ್ನ ಮಾರಿ ನೋಡಾಕ ಹುಟ್ಟಿಲ್ಲೋ ತಮ್ಮಾ. ದೂರದ ಬ್ಯಾಟಿ ಕಂಡು, ತಾನ ವಿಚಾರ ಮಾಡಿ ಓಡೂ ಜಾತಿ.” ಬಳಿಕ ಮೆಲ್ಲನೆ “ಕುಂಡ್ರು” ಎಂದರು. ಅದು ಕುಳಿತಿತು.

ಆಜ್ಞಾಪಾಲನೆಯಲ್ಲದೆ ಹುಟ್ಟುಗುಣದ ಬುದ್ಧಿ, ತಾನೇ ಉಪಾಯ ಕಾಣುವ ಬುದ್ಧಿಗಳೂ ಉಂಟೆಂದು ಅದೇ ಗ್ರಂಥದಲ್ಲಿತ್ತು. ನಾನು ಪಟ್ಟಿಯನ್ನಷ್ಟೇ ಓದಿದ್ದೆ.

2016ರಲ್ಲಿ ಮುಧೋಳದ ನಾಯಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೆ ಹೋದ ಸುದ್ದಿ ಪತ್ರಿಕೆಯಲ್ಲಿ ಬಂದಿತು. ಅಷ್ಟರಲ್ಲಿ ಅಪ್ಪನೂ ಇರಲಿಲ್ಲ, ಆ ನಾಯಿಯೂ ಇರಲಿಲ್ಲ. ಹೊಲದ ಮನೆಯ ಕಟ್ಟೆಯ ಮೇಲೆ ಕುಳಿತು ಆ ಸುದ್ದಿಯನ್ನು ಗಟ್ಟಿಯಾಗಿ ಓದಿದೆ.