ಬಾಗಿಲು ಕಾದ ವರ್ಷಗಳು

1980ರ ದಶಕದ ಕೊನೆಯಲ್ಲಿ ನಾನು ಕಿಡ್ನಿ ಕಸಿ ವಾರ್ಡಿನಲ್ಲಿ ಸ್ಟಾಫ್ ನರ್ಸ್. ಚಪ್ಪಲಿ ಹೊರಗೆ, ಮಾಸ್ಕ್ ಕಡ್ಡಾಯ, ನೆಂಟರಿಗೆ ಕಿಟಕಿಯಾಚೆಯಿಂದಲೇ ದರ್ಶನ. ಇಷ್ಟು ಮಡಿ ಮಾಡಿದರೂ ಕಸಿಯಾದ ಎರಡು ಮೂರು ತಿಂಗಳಿಗೆ ಕೆಲವರು ಜ್ವರ ಹೊತ್ತು ವಾಪಸು ಬರುತ್ತಿದ್ದರು. ಒಣಕೆಮ್ಮು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ನಮ್ಮಲ್ಲಿಗೆ ಇನ್ನೂ ಬಂದಿರಲಿಲ್ಲ. ಉಗುರು ನೀಲಿಯಾಯಿತೇ ಎಂದು ಟಾರ್ಚ್ ಬಿಟ್ಟು ನೋಡಬೇಕು, ಗಡಿಯಾರ ನೋಡುತ್ತ ಉಸಿರು ಎಣಿಸಬೇಕು. ಎಕ್ಸ್‌ರೇಯಲ್ಲಿ ಎರಡೂ ಕಡೆ ತೆಳು ಮಂಜು. ಪರೀಕ್ಷೆಗೆ ಕಳಿಸೋಣವೆಂದರೆ ಕಫವೇ ಬಾರದು. ಆ್ಯಂಟಿಬಯೋಟಿಕ್ ಬದಲಿಸಿ, ಕ್ಷಯವೂ ಇರಬಹುದೆಂದು ಅದಕ್ಕೂ ಮದ್ದು ಕೊಟ್ಟು ನೋಡುತ್ತಿದ್ದರು. ಎಷ್ಟೋ ಜನ ಉಳಿಯಲಿಲ್ಲ. ಕೇಸ್ ಶೀಟಿನಲ್ಲಿ ನ್ಯುಮೋನಿಯಾ ಎಂದಷ್ಟೇ ಬರೆದು ಮುಗಿಸುತ್ತಿದ್ದೆವು.

ಅದರಲ್ಲಿ ಸೈಟೊಮೆಗಾಲೊವೈರಸ್‌ನ ಪಾಲು ಸಣ್ಣದಿರಲಿಕ್ಕಿಲ್ಲ. ನಮ್ಮ ದೇಶದ ಬಹುಪಾಲು ವಯಸ್ಕರ ಮೈಯಲ್ಲಿ ಅದು ಚಿಕ್ಕಂದಿನಿಂದಲೇ ತೆಪ್ಪಗೆ ಮಲಗಿರುತ್ತದೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲೆಂದು ಅಜಥಯೋಪ್ರಿನ್, ಸ್ಟೀರಾಯ್ಡ್ ಕೊಟ್ಟು ರೋಗನಿರೋಧಕ ಶಕ್ತಿಯನ್ನು ಅಡಗಿಸಿದಾಗ ಎದ್ದು ಕೂರುತ್ತದೆ. ಹೆತ್ತ ತಾಯಿ ಕೊಟ್ಟ ಕಿಡ್ನಿಯೊಳಗೇ ಬರುವುದೂ ಉಂಟು. ನಾವು ಬಾಗಿಲಲ್ಲಿ ನಿಂತು ಮಾವ, ಚಿಕ್ಕಪ್ಪಂದಿರನ್ನು ತಡೆದು ಬೈಸಿಕೊಂಡಿದ್ದೇ ಬಂತು. ಫ್ಲೂ ಮಟ್ಟಿಗೆ ಮಾತ್ರ ಆ ಕಾವಲು ಸರಿಯೇ. ಅದು ನೆಂಟರ ನೆಗಡಿಯೊಂದಿಗೇ ಒಳಬರುವಂಥದ್ದು.

ಸೈಟೊಮೆಗಾಲೊವೈರಸ್‌ನ ಮದ್ದು ಗ್ಯಾನ್ಸಿಕ್ಲೊವಿರ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1989ರಲ್ಲಿ, ಅದೂ ಏಡ್ಸ್ ರೋಗಿಗಳ ಕಣ್ಣಿನ ಸೋಂಕಿಗೆ. ನಮ್ಮ ವಾರ್ಡಿಗೆ ಬರಲು ವರ್ಷಗಳೇ ಹಿಡಿದವು. ಬಂದ ಮೇಲೂ ಬೆಲೆ ಕೇಳಿ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಈಗ ರಕ್ತದ ಪಿಸಿಆರ್ ಪರೀಕ್ಷೆ ಜ್ವರ ಬರುವ ಮೊದಲೇ ವೈರಸ್ಸನ್ನು ಹಿಡಿದುಕೊಡಬಲ್ಲದು. ವಾಲ್‌ಗ್ಯಾನ್ಸಿಕ್ಲೊವಿರ್ ಮಾತ್ರೆಯನ್ನು ಮುನ್ನೆಚ್ಚರಿಕೆಗೆಂದೇ ಮೂರು ತಿಂಗಳು, ಅಪಾಯ ಹೆಚ್ಚಿರುವವರಿಗೆ ಆರು ತಿಂಗಳು ಕೊಡುತ್ತಾರೆ. ನಾನು ನಿವೃತ್ತಳಾಗುವ ಹೊತ್ತಿಗೆ ಅಂಥ ಎಕ್ಸ್‌ರೇ ಅಪರೂಪವಾಗಿತ್ತು. ಆದರೆ ಆ ಮಾತ್ರೆ ಬಿಳಿ ರಕ್ತಕಣವನ್ನು ಇಳಿಸುತ್ತದೆ, ಅಗ್ಗವೂ ಅಲ್ಲ. ಮೈ ಚೆನ್ನಾಗಿದೆಯಲ್ಲ ಎಂದು ನಡುವೆಯೇ ಬಿಟ್ಟವರನ್ನು ಕೊನೆಯವರೆಗೂ ನೋಡಿದೆ.

ಮನೆಯಲ್ಲಿ ಕಸಿಯಾದವರಿದ್ದರೆ, ಜ್ವರ, ಒಣಕೆಮ್ಮು ಕಂಡ ದಿನವೇ ಕಸಿ ವಿಭಾಗದ ಡಾಕ್ಟರಿಗೆ ಫೋನ್ ಮಾಡಿ. ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ನುಂಗಿಸಿ ನಾಲ್ಕು ದಿನ ನೋಡೋಣ ಎನ್ನಬೇಡಿ. ಕಸಿಗೆ ಕೊಟ್ಟ ಮಾತ್ರೆಗಳನ್ನು ನೀವಾಗಿ ನಿಲ್ಲಿಸಲೂ ಬೇಡಿ.