ನಿದ್ದೆಯ ಬೇರು, ಸೊಪ್ಪು

ಸಹೋದರಿಯರೇ, ಮನೆಯವರೆಲ್ಲ ಮಲಗಿರುವಾಗ ನೀವೊಬ್ಬರೇ ಎಚ್ಚರವಾಗಿದ್ದು ಹೊರಳಾಡಿದ್ದುಂಟೇ? ಮಗಳ ಮದುವೆಯ ಸಾಲ, ಗಲ್ಫ್‌ನಲ್ಲಿರುವ ಪತಿಯ ಕೆಲಸ, ಅತ್ತೆಯ ಕಾಯಿಲೆ... ಹಗಲಲ್ಲಿ ಸಣ್ಣದಾಗಿದ್ದ ಚಿಂತೆ ರಾತ್ರಿ ಬೆಟ್ಟದಷ್ಟಾಗುತ್ತದೆ. ನನ್ನ ಮಹಿಳಾ ತರಗತಿಯಲ್ಲಿ ಪಾಠ ಮುಗಿದ ಮೇಲೆ ಕೆಲವರು ಮೆಲ್ಲನೆ ಬಂದು ಕೇಳುತ್ತಾರೆ: "ಟೀಚರ್, ನಿದ್ದೆಗೆ ಬೇರು, ಸೊಪ್ಪು ಏನಾದರೂ ಇದೆಯೇ?"

ಇದೆ. ಬಾರ್ಲಿ ಹಿಟ್ಟಿನ ತೆಳು ಗಂಜಿ 'ತಲ್‌ಬೀನ' ರೋಗಿಯ ಹೃದಯಕ್ಕೆ ಸಾಂತ್ವನ ನೀಡಿ ದುಃಖವನ್ನು ತುಸು ಹಗುರಗೊಳಿಸುತ್ತದೆಂದು ಪ್ರವಾದಿ(ಸ) ಹೇಳಿದ್ದನ್ನು ಹಝ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಮನೆಯಲ್ಲಿ ಸಾವು ಸಂಭವಿಸಿದಾಗ ಅವರು ಅದನ್ನು ಬೇಯಿಸಿ ಕೊಡಿಸುತ್ತಿದ್ದರು. ನಮ್ಮ ಕಡೆಯ ಒಂದೆಲಗದ ತಂಬುಳಿ, ಗಸಗಸೆ ಪಾಯಸವೂ ಹಿತವಾದ ಆಹಾರಗಳೇ. ಆದರೆ ಗಲ್ಫ್‌ಗೆ ಹೋಗುವವರ ಚೀಲದಲ್ಲಿ ಗಸಗಸೆ ಇಡಬೇಡಿ. ಸೌದಿ, ಯುಎಇಗಳಲ್ಲಿ ಅದಕ್ಕೆ ನಿಷೇಧವಿದೆ.

ಆಹಾರ ಬೇರೆ, ಔಷಧ ಬೇರೆ. ಅಮ್ಮ ತೀರಿಕೊಂಡ ವರ್ಷ ನನಗೂ ತಿಂಗಳುಗಟ್ಟಲೆ ನಿದ್ದೆ ಇರಲಿಲ್ಲ. ತಂಗಿ ಅಶ್ವಗಂಧದ ಚೂರ್ಣ ಕಳುಹಿಸಿದಳು. ಡಬ್ಬಿ ಹಿಡಿದು ಹಕೀಮರ ಬಳಿ ಹೋದಾಗ ಅವರು ಮೊದಲು ಕೇಳಿದ್ದು, "ಬೇರೆ ಯಾವ ಮಾತ್ರೆ ತಿನ್ನುತ್ತೀರಿ?" ಥೈರಾಯ್ಡ್ ಮಾತ್ರೆ ಎಂದೆ. "ಹಾಗಾದರೆ ಇದು ಬೇಡಮ್ಮಾ" ಎಂದು ಡಬ್ಬಿ ಹಿಂದಿರುಗಿಸಿದರು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಕೆಲವರಲ್ಲಿ ಯಕೃತ್ತಿಗೂ ಹಾನಿಯಾಗಿದೆ. ಗರ್ಭಿಣಿಯರಿಗೆ ಅದು ಸಲ್ಲದು. ನಿದ್ದೆ ಮಾತ್ರೆಯ ಜೊತೆ ಸೇರಿದರೆ ಮಂಪರು ವಿಪರೀತವಾಗಬಹುದು. ಜಾಯಿಕಾಯಿಯೂ ಅಷ್ಟೇ. ಅಡುಗೆಗೆ ಚಿಟಿಕೆ ಸಾಕು. ಚಮಚಗಟ್ಟಲೆ ಪುಡಿ ಹೊಟ್ಟೆಗೆ ಹೋದರೆ ವಾಂತಿ, ಎದೆಬಡಿತ, ಭ್ರಮೆ ಉಂಟಾಗುತ್ತದೆ.

"ಗಿಡದ ಬೇರು ತಾನೇ, ಏನಾಗುತ್ತದೆ?" ಎನ್ನುವವರು ಸರ್ಪಗಂಧಿಯ ಕಥೆ ಕೇಳಬೇಕು. ಮನಸ್ಸು ಕೆರಳಿದವರಿಗೆ, ನಿದ್ದೆಗೆಟ್ಟವರಿಗೆ ನಮ್ಮ ವೈದ್ಯರು, ಹಕೀಮರು ಕೊಡುತ್ತಿದ್ದ ಬೇರು ಅದು. 1931ರಲ್ಲಿ ವಿಜ್ಞಾನಿ ಸಲೀಮುಝ್ಝಮಾನ್ ಸಿದ್ದೀಕಿ ಅದರಿಂದ ಒಂದು ರಾಸಾಯನಿಕವನ್ನು ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ನೆನಪಿಗೆ 'ಅಜ್ಮಲೀನ್' ಎಂದು ಹೆಸರಿಟ್ಟರು. 1952ರಲ್ಲಿ ಅದೇ ಬೇರಿನಿಂದ ರೆಸರ್ಪಿನ್ ದೊರೆತು, ರಕ್ತದೊತ್ತಡಕ್ಕೂ ಮಾನಸಿಕ ರೋಗಕ್ಕೂ ಜಗತ್ತಿನಾದ್ಯಂತ ಬಳಕೆಯಾಯಿತು. ಆಮೇಲೆ ಅದನ್ನು ಸೇವಿಸಿದ ಕೆಲವರಲ್ಲಿ ಖಿನ್ನತೆ ಕಾಣಿಸಿಕೊಂಡಿದ್ದೂ ವರದಿಯಾಯಿತು. ಗುಣ ಮಾಡುವ ಶಕ್ತಿಯಿರುವ ಬೇರಿಗೆ ಕೆಡುಕು ಮಾಡುವ ಶಕ್ತಿಯೂ ಇರುತ್ತದೆ.

ಆದ್ದರಿಂದ ಸಹೋದರಿಯರೇ, ಚೂರ್ಣ ಕೊಳ್ಳುವ ಮೊದಲು ನೀವು ತಿನ್ನುವ ಮಾತ್ರೆಗಳನ್ನೆಲ್ಲ ವೈದ್ಯರಿಗೆ ತೋರಿಸಿ. ಸಂಜೆಯ ನಂತರ ಚಹಾ ಬಿಡಿ. ಇಶಾದ ಬಳಿಕ ಹರಟೆಯನ್ನು ಪ್ರವಾದಿ(ಸ) ಇಷ್ಟಪಡುತ್ತಿರಲಿಲ್ಲ. ಇಂದು ಆ ಹರಟೆ ಮೊಬೈಲ್‌ನಲ್ಲಿದೆ, ಅದನ್ನು ದೂರವಿಡಿ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡವೆನಿಸಿದರೆ "ನನ್ನ ಈಮಾನ್ ದುರ್ಬಲ" ಎಂದು ಕೊರಗಬೇಡಿ. ಜ್ವರ ಬಂದಾಗ ಯಾರೂ ಹಾಗೆ ಹೇಳಿಕೊಳ್ಳುವುದಿಲ್ಲವಲ್ಲ! ವೈದ್ಯರ ಬಳಿ ಹೋಗಿ. ಹೋಗಲಾಗದಿದ್ದರೆ ಸರಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ. ಅದು 2022ರಿಂದ ಇದೆ, ಕನ್ನಡದಲ್ಲೇ ಮಾತನಾಡಬಹುದು. ದುಆ ಮಾಡಿರಿ, ಚಿಕಿತ್ಸೆಯನ್ನೂ ಮಾಡಿಸಿರಿ. ಎರಡನ್ನೂ ನಮಗೆ ಕಲಿಸಿದ್ದು ಒಂದೇ ದೀನ್.