ಗೋರಿ ಅಳಿಸಿದ ಊರು

ಜರ್ಮನಿಯ ಬವೇರಿಯಾ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಜೆಕ್ ಗಡಿಗೆ ಸಮೀಪ, ವುನ್ಸೀಡೆಲ್ ಎಂಬ ಪುಟ್ಟ ಊರಿದೆ. ಪಕ್ಕದ ಕಾಡಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟಂತಿರುವ ದೈತ್ಯ ಬಂಡೆಗಳನ್ನು ನೋಡಲು ಪ್ರವಾಸಿಗರು ಬರುತ್ತಾರೆ. ಆದರೆ ಈ ಊರಿಗೆ ಬೇಡದ ಹೆಸರು ತಂದದ್ದು ಒಂದು ಗೋರಿ.

ಹಿಟ್ಲರನ ಬಲಗೈಯಾಗಿದ್ದ ರುಡಾಲ್ಫ್ ಹೆಸ್ ಶಾಂತಿಯ ವಿರುದ್ಧದ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದ. 1987ರಲ್ಲಿ, 93ನೇ ವಯಸ್ಸಿನಲ್ಲಿ, ಬರ್ಲಿನ್ನಿನ ಸ್ಪಾಂಡೌ ಜೈಲಿನಲ್ಲಿ ಆತ್ಮಹತ್ಯೆ ಮಾಡಿಕೊಂಡ. ನಾಜಿ ಭಕ್ತರಿಗೆ ಯಾತ್ರಾಸ್ಥಳವಾಗಬಾರದೆಂದು ಅಧಿಕಾರಿಗಳು ಆ ಜೈಲನ್ನೇ ನೆಲಸಮ ಮಾಡಿದರು. ಶವ ಮನೆಯವರ ಕೈ ಸೇರಿತು. ಸತ್ತವನ ಕೊನೆಯಾಸೆ ಮೀರಬಾರದೆಂದು ವುನ್ಸೀಡೆಲ್‌ನ ಚರ್ಚಿನವರು ಜಾಗ ಕೊಟ್ಟರು.

ಬರ್ಲಿನ್ನಿನಲ್ಲಿ ತಪ್ಪಿದ ಯಾತ್ರೆ ಇಲ್ಲಿ ಶುರುವಾಯಿತು! ಆಗಸ್ಟ್ ಬಂತೆಂದರೆ ನವನಾಜಿಗಳ ಮೆರವಣಿಗೆ. 2004ರಲ್ಲಿ ಬಂದವರು ಸಾವಿರಾರು. ಮರುವರ್ಷ ಸರ್ಕಾರ ಕಾನೂನನ್ನೇ ಬಿಗಿಗೊಳಿಸಿ ತಡೆಯಿತು.

ಅಲ್ಲಿ ಸ್ಮಶಾನದ ಜಾಗ ಗುತ್ತಿಗೆಗೆ ಸಿಗುತ್ತದೆ. 2011ರಲ್ಲಿ ಚರ್ಚು ಗುತ್ತಿಗೆ ಮುಂದುವರಿಸಲಿಲ್ಲ, ಮನೆಯವರೂ ಒಪ್ಪಿದರು. ಜುಲೈ 20ರ ಬೆಳಗಿನ ಜಾವ ಮೂಳೆಗಳನ್ನು ಹೊರತೆಗೆದರು. ದಹನದ ಬಳಿಕ ಬೂದಿ ಸಮುದ್ರದ ಪಾಲಾಯಿತು.

ಗೋರಿ ಹೋದರೂ ನವನಾಜಿಗಳು ಬರುವುದು ನಿಲ್ಲಲಿಲ್ಲ. 2014ರಲ್ಲಿ ಊರವರು ಒಂದು ಉಪಾಯ ಹೂಡಿದರು. ಮೆರವಣಿಗೆ ಸಾಗಿದ ಪ್ರತಿ ಮೀಟರಿಗೆ 10 ಯೂರೋ ದೇಣಿಗೆ, ಅದೂ ನಾಜಿ ಗುಂಪು ತೊರೆಯುವವರಿಗೆ ನೆರವಾಗುವ ಸಂಸ್ಥೆಗೆ! ಮೆರವಣಿಗೆಗಾರರು ನಡೆದು ನಡೆದು ತಮ್ಮ ವಿರೋಧಿಗಳಿಗೇ ಸುಮಾರು 10,000 ಯೂರೋ ಗಳಿಸಿಕೊಟ್ಟರು.

ಮೂಳೆಯನ್ನು ಅಧಿಕಾರಿಗಳು ಅಗೆದು ತೆಗೆಯಬಹುದು. ತಲೆಯೊಳಗೆ ಹೂತಿರುವುದನ್ನು ತೆಗೆಯಲು ಮಾತ್ರ ಊರೇ ಏಳಬೇಕು.